ಅಜ್ಜನ ಪೆಟ್ಟಿಗೆಯ ಪದಕವನ್ನು ತಿಕ್ಕುವ ಮೊದಲು

(ಮೇಜಿನ ಮೇಲೆ ಬಿಳಿ ಬಟ್ಟೆ, ಭೂತಗನ್ನಡಿ, ಕಪ್ಪಾದ ಒಂದು ಬೆಳ್ಳಿ ಪದಕ)

ನಮಸ್ಕಾರ, ಉಡುಪಿಯಿಂದ. ಇದು ನಮ್ಮ ಅಜ್ಜನ ಮರದ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. "ಹುಣಸೆಹುಳಿ ಹಾಕಿ ತಿಕ್ಕು, ಫಳಫಳ ಹೊಳೀತದೆ" ಅಂದರು ದೊಡ್ಡಮ್ಮ. ದೀಪಕ್ಕೆ ಸರಿ, ಪದಕಕ್ಕೆ ಬೇಡ. ತಿಕ್ಕಿದರೆ ಅಕ್ಷರಗಳ ಚೂಪು ಹೋಗುತ್ತದೆ. ಅಸಲಿಯೋ ನಕಲಿಯೋ ಅಂತ ಹೇಳುವುದೇ ಆ ಚೂಪು.

(ಹತ್ತಿರದಿಂದ)

ನೋಡಿ, ಗುಲಾಬಿ ಮಾಲೆಯ ಒಳಗೆ ಬ್ರಿಟಿಷ್ ದೊರೆ ಐದನೇ ಜಾರ್ಜ್, ಪಕ್ಕದಲ್ಲಿ ರಾಣಿ ಮೇರಿ. ಹಿಂದೆ ಪರ್ಷಿಯನ್ ಬರಹ. 1911ರ ದೆಹಲಿ ದರ್ಬಾರಿನ, ಅಂದ್ರೆ ಈ ದೊರೆಯ ಪಟ್ಟಾಭಿಷೇಕದ ಸಂಭ್ರಮಕ್ಕೆ ನಡೆದ ಸಭೆಯ ಪದಕ ಇದು. ಬೆಳ್ಳಿಯವು ಸಾವಿರಗಟ್ಟಲೆ, ಚಿನ್ನದವು ಬರೀ 200. ಕೊಡುವಾಗ ಇದರ ಮೇಲೆ ಯಾರ ಹೆಸರೂ ಇರಲಿಲ್ಲ. ನಿಮ್ಮದರ ಅಂಚಿನಲ್ಲಿ ಹೆಸರಿದ್ದರೆ, ಅದು ಆಮೇಲೆ ಕೆತ್ತಿಸಿದ್ದು.

ಸರಿ, ಅಚ್ಚೊತ್ತಿದ ಟಂಕಸಾಲೆ ಯಾವುದು ಅಂತ ತಿಳಿಯುವುದು ಹೇಗೆ? ನಮ್ಮ ಈಗಿನ ನಾಣ್ಯದಲ್ಲಿ ಅದು ಸುಲಭ. ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಅದರಲ್ಲೂ ಬೇರೆ ಬೇರೆ ಬಗೆ ಇರುತ್ತದೆ. 1964ರ ನೆಹರೂ ಸ್ಮರಣೆಯ 50 ಪೈಸೆಯನ್ನೇ ತಗೊಳ್ಳಿ. ಕೆಲವದರಲ್ಲಿ ಅವರ ಹೆಸರು ಇಂಗ್ಲಿಷಿನಲ್ಲಿ, ಕೆಲವದರಲ್ಲಿ ಹಿಂದಿಯಲ್ಲಿ. ನನಗೆ ಎರಡೂ ಬೇಕೇ ಬೇಕು ಅನ್ನಿಸಿತ್ತು!

ಪದಕದಲ್ಲಿ ಎಷ್ಟೋ ಸಲ ಇಂಥ ಟಂಕಸಾಲೆಯ ಗುರುತೇ ಇರುವುದಿಲ್ಲ. ಆಗ ಲೋಹವನ್ನೇ ಓದಬೇಕು.

(ಎರಡು ಪದಕ ಅಕ್ಕಪಕ್ಕ)

ಎಡಗಡೆಯದು ಅಜ್ಜನದು. ಬಲಗಡೆಯದನ್ನು ನಾನು ಮಂಗಳೂರಿನಲ್ಲಿ ಅಸಲಿ ಅಂತಲೇ ನಂಬಿ, ಒಳ್ಳೆ ದುಡ್ಡು ಕೊಟ್ಟು ತಂದೆ. ಮನೆಗೆ ಬಂದು ಭೂತಗನ್ನಡಿ ಹಿಡಿದಾಗ ಎದೆ ಧಸಕ್ ಅಂತು. ರಾಣಿಯ ಕೆನ್ನೆ ಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳು. ಅಂಚಿನ ಸುತ್ತ ತೆಳ್ಳಗೆ ಒಂದು ಗೆರೆ. ಅಂದ್ರೆ ಅಸಲಿಯ ಹಾಗೆ ಅಚ್ಚೊತ್ತಿದ್ದಲ್ಲ, ಕರಗಿಸಿದ ಲೋಹವನ್ನು ಎರಕ ಹೊಯ್ದದ್ದು. ಅಸಲಿಯಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ, ಲೋಹ ಆರುವಾಗ ಕುಗ್ಗುತ್ತದೆ. ಹಾಗಾಗಿ ನಕಲು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ. ಸಣ್ಣ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್ ಇದ್ದರೆ ಅಳೆದು ನೋಡಿ. ತೂಕವನ್ನೂ ಬರೆದಿಡಿ.

ಇನ್ನೊಂದು ಮಾತು. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ವಾ, ಕಪಾಟಿನ ಒಳಗೂ ಪಸೆ. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಲೋಹದ ಮೇಲೆ ಹಸಿರು ಅಂಟು ಬರುತ್ತದೆ. ಆಮ್ಲ ಇಲ್ಲದ ಕಾಗದದ ಲಕೋಟೆ ಸಾಕು, ಜೊತೆಗೆ ಪಸೆ ಹೀರುವ ಒಂದು ಸಿಲಿಕಾ ಜೆಲ್ ಪೊಟ್ಟಣ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ: ಯಾರದು, ಯಾವ ಊರಿನದು, ಯಾರ ಕೈಯಿಂದ ಬಂತು.

(ಲಕೋಟೆಯ ಮೇಲೆ ಪೆನ್ಸಿಲ್ ಅಕ್ಷರ: "ಅಜ್ಜನ ಪೆಟ್ಟಿಗೆ. ತಿಕ್ಕಿಲ್ಲ.")