ಮೊದಲು ಎತ್ತುವ ಗಾಳಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮನೆ ಬಿಟ್ಟು ಇಷ್ಟು ಜನ ಬಂದಿದ್ದೀರಿ, ಸಂತೋಷ. ಮುಂದಿನ ಸಾಲಿನಲ್ಲಿ ಜಕ್ಕೂರಿನಲ್ಲಿ ಹಾರಾಟ ಕಲಿಯುತ್ತಿರುವ ಹುಡುಗ ಹುಡುಗಿಯರೂ ಇದ್ದಾರೆ. ಹಾಗಾಗಿ ಇವತ್ತಿನ ಮಾತು ಸ್ವಲ್ಪ ಪ್ರಯಾಣಿಕರಿಗೆ, ಸ್ವಲ್ಪ ಪೈಲಟ್‌ಗಳಿಗೆ.

ವಿಮಾನ ಕುಲುಕಿದರೆ ಸಾಕು, ಸೀಟಿನಲ್ಲಿ ಕೂತ ನಾವು ಮನೆದೇವರನ್ನು ನೆನೆಯುತ್ತೇವೆ. ಪೈಲಟ್ ಅದಕ್ಕೆ ಅಷ್ಟಾಗಿ ಹೆದರುವುದಿಲ್ಲ. ಇಳಿಯುವ ಹೊತ್ತಿನಲ್ಲಿ, ನೆಲ ಹತ್ತಿರ ಇರುವಾಗ, ಏನೂ ಮಾಡದೆ ವಿಮಾನ ತಾನಾಗಿ ಮೇಲೆದ್ದು ಸ್ಪೀಡ್ ಜಾಸ್ತಿ ತೋರಿಸಿತು ಅನ್ನಿ. ಆಗ ಅವನ ಎದೆ ಧಸಕ್ಕೆನ್ನುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಕುಲುಕಾಟ ಮುಗಿಸಿಬಿಡೋಣ. ಏಪ್ರಿಲ್ ಮಧ್ಯಾಹ್ನ ಜಕ್ಕೂರಿನಿಂದ ಒಂದು ಪುಟ್ಟ ಸೆಸ್ನಾ ವಿಮಾನ ಎದ್ದಿದೆ. ಕೆಳಗೆ ಕಾಂಕ್ರೀಟು, ತಗಡಿನ ಸೂರು, ಬೋಳು ಬಂಡೆ. ಇವು ಬೇಗ ಕಾಯುತ್ತವೆ, ಮೇಲಿನ ಗಾಳಿ ಬಿಸಿಯಾಗಿ ಏಳುತ್ತದೆ. ಪಕ್ಕದ ಕೆರೆಯ ನೀರು ಅಷ್ಟು ಬೇಗ ಕಾಯುವುದಿಲ್ಲ. ಬಡಾವಣೆಯ ಮೇಲೆ ಹೋಗುವಾಗ ಕೆಳಗಿನಿಂದ ಗುದ್ದು ಬೀಳುತ್ತದೆ, ಕೆರೆಯ ಮೇಲೆ ಬಂದ ಕೂಡಲೇ ವಿಮಾನ ಸಣ್ಣಗೆ ಕುಸಿಯುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಏರುವುದು ಇದೇ ಗಾಳಿಯಲ್ಲಿ. ಹೊಸಬರಿಗೆ ಬೆಳಿಗ್ಗೆ ಬೇಗ ಹಾರಿಸುವುದೂ ಇದಕ್ಕೇ.

ಗಾಳಿಗೆ ಬೆಟ್ಟ ಅಡ್ಡ ಬಂದರೆ ಅದರ ಹಿಂಬದಿಯಲ್ಲಿ ಸುಳಿಗಳು ಏಳುತ್ತವೆ. ನಂದಿ ಬೆಟ್ಟದ ಆಚೆ ಸಣ್ಣ ವಿಮಾನಕ್ಕೆ ಇದರ ರುಚಿ ಸಿಗುತ್ತದೆ. ದೊಡ್ಡ ಬೆಟ್ಟವಾದರೆ ಆಟ ಬೇರೆ. 1966ರ ಮಾರ್ಚ್ 5ರಂದು ಜಪಾನಿನ ಫ್ಯೂಜಿ ಪರ್ವತದ ಹತ್ತಿರ ಇಂಥ ಗಾಳಿಗೆ ಸಿಕ್ಕ ಬೋಯಿಂಗ್ 707 ಆಕಾಶದಲ್ಲೇ ಮುರಿಯಿತು. 124 ಜನ ಸತ್ತರು.

ಇನ್ನೊಂದು ಬಗೆ ಇದೆ. ಮೋಡವೇ ಇಲ್ಲ, ಬಿಸಿಲು ಫಳಫಳ, ಆದರೂ ಕಾಫಿ ಕಪ್ಪು ಎಗರುತ್ತದೆ. ಚಳಿಗಾಲದಲ್ಲಿ ದೆಹಲಿ ಕಡೆ ಹೋಗುವವರಿಗೆ ಇದು ಗೊತ್ತು. ಉತ್ತರ ಭಾರತದ ಮೇಲೆ ಸುಮಾರು 12 ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಅದರ ನಡುವಿನಲ್ಲಿ ಗಾಳಿ 100 ನಾಟ್, ಅಂದರೆ ಗಂಟೆಗೆ ಸುಮಾರು 185 ಕಿ.ಮೀ., ದಾಟುವುದುಂಟು. ಬರೀ ವೇಗದಿಂದ ತೊಂದರೆಯಿಲ್ಲ. ಒಂದು ಪದರ ಜೋರಾಗಿ, ಅದರ ಕೆಳಗಿನದು ನಿಧಾನವಾಗಿ ಹೋದಾಗ ನಡುವೆ ಗಾಳಿ ಮಗುಚುತ್ತದೆ. ಮಳೆ ಹನಿ ಇಲ್ಲದ ಕಡೆ ವಿಮಾನದ ರಾಡಾರ್‌ಗೆ ಏನೂ ಕಾಣಿಸುವುದಿಲ್ಲ.

‘ರೆಕ್ಕೆ ಮುರಿದುಹೋಗಲ್ವಾ ಸಾರ್’ ಅಂತ ಎಲ್ಲ ಕಡೆ ಕೇಳುತ್ತಾರೆ. 1995ರಲ್ಲಿ ಬೋಯಿಂಗ್ 777ರ ರೆಕ್ಕೆಯನ್ನು ಮುರಿಯುವವರೆಗೂ ಬಗ್ಗಿಸಿ ನೋಡಿದರು. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರ ಅಂತ ಲೆಕ್ಕ ಹಾಕಿದ್ದರಲ್ಲ, ಅದರ 154 ಪರ್ಸೆಂಟ್ ಹೊತ್ತ ಮೇಲೆ ಅದು ಮುರಿಯಿತು. ಈ ಕಾಲದ ವಿಮಾನ ತಡೆದುಕೊಳ್ಳುತ್ತದೆ. ತಡೆಯದೆ ಇರುವುದು ಬೆಲ್ಟ್ ಹಾಕದ ಮೈ. 2024ರ ಮೇ 21ರಂದು ಮ್ಯಾನ್ಮಾರ್ ಮೇಲೆ ಹೋಗುತ್ತಿದ್ದ ಸಿಂಗಪುರ ಏರ್‌ಲೈನ್ಸ್ ವಿಮಾನವನ್ನು ನೆನಪಿಸಿಕೊಳ್ಳಿ. ಅದು ಇಳಿದದ್ದು 178 ಅಡಿ ಮಾತ್ರ. ಆದರೆ 0.6 ಸೆಕೆಂಡಿನಲ್ಲಿ ಮೈಭಾರ ತಲೆಕೆಳಗಾಯಿತು, ಬೆಲ್ಟ್ ಇಲ್ಲದವರು ಮೇಲಕ್ಕೆ ಹಾರಿದರು. ನಾಲ್ಕು ಸೆಕೆಂಡಿನೊಳಗೆ ಕೆಳಗೆ ಬಿದ್ದರು. ಆ ವಿಮಾನದಲ್ಲಿ ಒಬ್ಬರು ತೀರಿಕೊಂಡರು, ಬಹಳ ಜನಕ್ಕೆ ಏಟಾಯಿತು.

ಅಂದಹಾಗೆ, ಈ ಸುಳಿಗಳ ಲೆಕ್ಕ ಇನ್ನೂ ಪೂರ್ತಿ ಬಿಡಿಸಿಲ್ಲ. ನಮ್ಮೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ವಿಮಾನ ಸಂಶೋಧನೆಯ ಎನ್‌ಎಎಲ್‌ನಲ್ಲಿ ಇದ್ದಾಗೆಲ್ಲ ಇದರ ಬೆನ್ನು ಬಿದ್ದಿದ್ದರು.

ಈಗ ವಿಂಡ್ ಶಿಯರ್. ಸ್ವಲ್ಪ ದೂರದಲ್ಲೇ ಗಾಳಿಯ ವೇಗವೋ ದಿಕ್ಕೋ ಬದಲಾಗುವುದು, ಅಷ್ಟೇ. ನಮಗೆ ಪರಿಚಯದ್ದೇ ಒಂದಿದೆ. ಆಷಾಢದ ಗಾಳಿ! ಅರಬ್ಬೀ ಸಮುದ್ರದಿಂದ ಬರುವ ಈ ಪಡುವಣ ಗಾಳಿ ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ತುಂಬಾ ಜೋರು. ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆ. ಅಂದರೆ ಅದರ ರಭಸವೆಲ್ಲ ನಮ್ಮ ತಲೆಯ ಮೇಲೆ 600 ಮೀಟರಿನಲ್ಲೇ ಇದೆ. ದೇವನಹಳ್ಳಿಯ ರನ್‌ವೇಗಳು ಪೂರ್ವ-ಪಶ್ಚಿಮ. ಆಷಾಢದಲ್ಲಿ ವಿಮಾನಗಳು ಹೊಸಕೋಟೆ ದಿಕ್ಕಿನಿಂದ ಎದುರುಗಾಳಿಗೆ ಮುಖಮಾಡಿ ಇಳಿಯುತ್ತವೆ. ಪೈಲಟ್‌ಗೆ ಸ್ಪೀಡ್ ಅಂದರೆ ರೆಕ್ಕೆಯ ಮೇಲೆ ಹರಿಯುವ ಗಾಳಿಯ ಲೆಕ್ಕ, ನೆಲದ ಲೆಕ್ಕವಲ್ಲ. ಕೆಳಗೆ ಬರುತ್ತಾ ಎದುರುಗಾಳಿ ಕಡಿಮೆಯಾಗುತ್ತದೆ, ಸ್ಪೀಡ್ ಬೀಳುತ್ತದೆ, ಪವರ್ ಕೊಡಬೇಕಾಗುತ್ತದೆ. ಇದು ಹೇಳಿ ಬರುವ ಗಾಳಿ, ನಿಭಾಯಿಸಬಹುದು.

ಭರಣಿ ಮಳೆಯ ಮೋಡ ಹಾಗಲ್ಲ. ಸಂಜೆ ನಾಲ್ಕಕ್ಕೆ ಕಪ್ಪಾಗುತ್ತದೆ, ಹನಿ ಬೀಳುವ ಮುಂಚೆ ತಣ್ಣನೆ ಗಾಳಿ ನುಗ್ಗುತ್ತದೆ, ರಸ್ತೆ ಮೇಲೆ ಗುಲ್‌ಮೊಹರ್ ಉರುಳಿರುತ್ತದೆ. ಮೋಡದಲ್ಲಿ ಮಳೆ ಆವಿಯಾಗುತ್ತಾ ಗಾಳಿಯನ್ನು ತಣ್ಣಗೆ ಮಾಡುತ್ತದೆ. ತಣ್ಣಗಾದ ಗಾಳಿ ಭಾರ, ಸೀದಾ ಕೆಳಗೆ ಬೀಳುತ್ತದೆ. ನಲ್ಲಿ ನೀರು ಬಟ್ಟೆ ಒಗೆಯುವ ಕಲ್ಲಿಗೆ ಬಿದ್ದು ಸುತ್ತಲೂ ಹರಡುತ್ತದಲ್ಲ, ಹಾಗೆ ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಓಡುತ್ತದೆ. ಹರಡಿದ್ದು 4 ಕಿ.ಮೀ.ಗಿಂತ ಕಡಿಮೆಯಾದರೆ ಮೈಕ್ರೋಬರ್ಸ್ಟ್. 1975ರಲ್ಲಿ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ನಡೆದ ಅಪಘಾತವನ್ನು ಕೆದಕಿ ಇದನ್ನು ಹಿಡಿದವರು ಹವಾಮಾನ ವಿಜ್ಞಾನಿ ಟೆಡ್ ಫುಜಿಟಾ. ಮೊದಮೊದಲು ಎಷ್ಟೋ ವಿಜ್ಞಾನಿಗಳು ನಂಬಲಿಲ್ಲ.

ಈಗ ಕಾಕ್‌ಪಿಟ್ಟಿಗೆ ಬನ್ನಿ. ನಿಮ್ಮ ಸ್ಪೀಡ್ 140 ನಾಟ್. ಅದು 110ರ ಆಸುಪಾಸಿಗೆ ಬಿದ್ದರೆ ರೆಕ್ಕೆ ವಿಮಾನವನ್ನು ಹೊರುವುದಿಲ್ಲ. ಮೈಕ್ರೋಬರ್ಸ್ಟಿನ ಅಂಚಿಗೆ ಬಂದಿರಿ, 25 ನಾಟ್ ಎದುರುಗಾಳಿ. ಮುಳ್ಳು 165 ತೋರಿಸುತ್ತದೆ, ವಿಮಾನ ಏಳುತ್ತದೆ. ಕೈ ಸಹಜವಾಗಿ ಎಂಜಿನ್ ಬಲದ ಹಿಡಿ, ಅಂದರೆ ಥ್ರಾಟಲ್, ಹಿಂದಕ್ಕೆ ಎಳೆಯುತ್ತದೆ, ಮೂತಿ ತಗ್ಗಿಸುತ್ತದೆ. ತಪ್ಪು ಅನ್ನಿಸುವುದೇ ಇಲ್ಲ! ನಡುವಿಗೆ ಬರುತ್ತೀರಿ, ಗಾಳಿ ಕೆಳಗೆ ಒತ್ತುತ್ತದೆ. ಆಚೆ ಅಂಚಿನಲ್ಲಿ ಅದೇ 25 ನಾಟ್ ಹಿಂದಿನಿಂದ. ಅರ್ಧ ನಿಮಿಷದಲ್ಲಿ 50 ನಾಟ್ ಹೋಯಿತು. ಎಂಜಿನ್ ನೀವೇ ತಗ್ಗಿಸಿದ್ದೀರಿ, ಜೆಟ್ ಎಂಜಿನ್ ಮತ್ತೆ ಪೂರ್ತಿ ಬಲಕ್ಕೆ ಬರಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ನಿಮ್ಮ ಹತ್ತಿರ ಇಲ್ಲ.

1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಡೆಲ್ಟಾ ಕಂಪನಿಯ 191 ನಂಬರಿನ ವಿಮಾನ ಹೀಗೇ ಬಿತ್ತು. 137 ಜನ ಸತ್ತರು. ಸ್ಪೀಡ್ ಹಠಾತ್ತನೆ ಹೋಗಿಬಿಡುತ್ತದೆ ಅಂತ ಕ್ಯಾಪ್ಟನ್ ಎಚ್ಚರಿಸಿದ್ದು ಕಾಕ್‌ಪಿಟ್ ದಾಖಲೆಯಲ್ಲಿದೆ. ಗೊತ್ತಿದ್ದೂ ಆಗಲಿಲ್ಲ. ಆಮೇಲೆ ಅಮೆರಿಕದಲ್ಲಿ ವಿಮಾನಗಳಿಗೆ ಎಚ್ಚರಿಕೆಯ ಉಪಕರಣ ಕಡ್ಡಾಯವಾಯಿತು. ಈಗಿನ ರಾಡಾರ್ ಮಳೆ ಹನಿ ಎತ್ತ ಓಡುತ್ತಿದೆ ಎಂದು ಅಳೆದು ‘ವಿಂಡ್ ಶಿಯರ್ ಅಹೆಡ್’ ಎಂದು ಕೂಗುತ್ತದೆ. ಅಷ್ಟು ಕೇಳಿದರೆ ಇಳಿಯುವ ಯೋಚನೆ ಬಿಡಿ. ಒಳಗೇ ಸಿಕ್ಕಿಬಿದ್ದರೆ ಪೂರ್ತಿ ಪವರ್, ಮೂತಿ ಸುಮಾರು 15 ಡಿಗ್ರಿ ಮೇಲೆ. ಚಕ್ರ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಮುಟ್ಟಬೇಡಿ. ಚಕ್ರ ಎತ್ತುವಾಗ ಬಾಗಿಲು ತೆರೆದು ಗಾಳಿಯ ತಡೆ ಇನ್ನೂ ಹೆಚ್ಚಾಗುತ್ತದೆ. ಹೊರಗೆ ಬಂದ ಮೇಲೆ ಟವರ್‌ಗೆ ಹೇಳಿ: ಎಷ್ಟು ನಾಟ್ ಹೋಯಿತು, ಎಷ್ಟು ಎತ್ತರದಲ್ಲಿ. ಸುಮ್ನೆ ‘ಗಾಳಿ ಜೋರು’ ಅಂದರೆ ಹಿಂದೆ ಬರುವವನಿಗೆ ಉಪಯೋಗವಿಲ್ಲ.

ಪ್ರಯಾಣಿಕರಿಗೂ ಒಂದು ಮಾತು. ಮೇ ಸಂಜೆ ವಿಮಾನ ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಮತ್ತೆ ಮೇಲೆದ್ದರೆ ಗೊಣಗಬೇಡಿ. ಮೈಕ್ರೋಬರ್ಸ್ಟ್ ಸಾಮಾನ್ಯವಾಗಿ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಹೊಸಕೋಟೆ ಕಡೆ ಎರಡು ಸುತ್ತು ಹಾಕಿ ಬರುವಷ್ಟರಲ್ಲಿ ಗಾಳಿ ಇಳಿದಿರಬಹುದು, ಇಲ್ಲದಿದ್ದರೆ ಚೆನ್ನೈಗೆ ಹೋಗಿ ಬರೋಣ. ಈಗ ಪ್ರಶ್ನೆಗಳನ್ನು ಕೇಳಿ, ಜಕ್ಕೂರಿನವರು ಮೊದಲು.