ಕಾಳಗದ ತೂಕ, ಕಥೆಯ ತೂಕ

ಕೇಳುಗರಿಗೆ ನಮಸ್ಕಾರ.

ಚೌಕಗಳಾಗಿ ಹಂಚಿದ ಒಂದು ರಣಭೂಮಿ. ಒಂದು ಕಡೆ ನಮ್ಮ ಹತ್ತು ಹನ್ನೆರಡು ಯೋಧರು, ಇನ್ನೊಂದು ಕಡೆ ಅದರ ಎರಡರಷ್ಟು ಶತ್ರುಗಳು. ಮೊದಲು ನಮ್ಮ ಸರದಿ, ಆಮೇಲೆ ಅವರ ಸರದಿ. ಟ್ಯಾಕ್ಟಿಕಲ್ ಆರ್‌ಪಿಜಿ ಎಂದು ಆಟಗಾರರು ಕರೆಯುವ ವಿಡಿಯೋ ಗೇಮ್‌ಗಳ ಮೂಲರೂಪ ಇಷ್ಟೇ. ಚದುರಂಗಕ್ಕೂ ಇವಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಇಲ್ಲಿ ಪ್ರತಿಯೊಂದು ಕಾಯಿಗೂ ಹೆಸರಿದೆ, ಮುಖವಿದೆ, ಮಾತಿದೆ, ಮತ್ತು ಆಟ ಮುಂದುವರಿದಂತೆ ಅದು ಬಲಿಯುತ್ತ ಹೋಗುತ್ತದೆ. ಹೆಸರು ಕೊಟ್ಟ ಮೇಲೆ ಕಥೆಯೊಂದನ್ನು ಹೇಳದೆ ವಿಧಿಯಿಲ್ಲ. ಆ ಕಥೆ ಸಪ್ಪೆಯಾಗಿದ್ದು ಕಾಳಗ ಮಾತ್ರ ಸೊಗಸಾಗಿದ್ದರೆ, ಕಾಳಗದ ಗುಣವು ಕಥೆಯ ದೋಷವನ್ನು ಮೀರಿ ನಿಲ್ಲಬಲ್ಲದೇ ಎಂಬುದು ಇಂದು ನಾನು ಎತ್ತಿಕೊಂಡಿರುವ ಪ್ರಶ್ನೆ.

2023ರ ಜನವರಿಯಲ್ಲಿ ನಿಂಟೆಂಡೋ ಸ್ವಿಚ್‌ಗೆ ಬಂದ ‘ಫೈರ್ ಎಂಬ್ಲಮ್ ಎಂಗೇಜ್’ ಈ ಪ್ರಶ್ನೆಗೆ ಹೇಳಿ ಮಾಡಿಸಿದಂತಹ ಉದಾಹರಣೆ. ಫೈರ್ ಎಂಬ್ಲಮ್ ಸರಣಿ 1990ರಲ್ಲಿ ಜಪಾನಿನಲ್ಲಿ ಆರಂಭವಾಯಿತು. ಅದನ್ನು ರೂಪಿಸಿದ ಸಂಸ್ಥೆ ಇಂಟೆಲಿಜೆಂಟ್ ಸಿಸ್ಟಮ್ಸ್. 2019ರಲ್ಲಿ ಬಂದ ‘ತ್ರೀ ಹೌಸಸ್’ ಒಂದೇ ಯುದ್ಧವನ್ನು ಬೇರೆ ಬೇರೆ ಪಕ್ಷಗಳ ಕಣ್ಣಿನಿಂದ ನೋಡಿಸಿ, ಕಥೆಯ ಬಲದಿಂದಲೇ ಬಹಳಷ್ಟು ಹೊಸ ಆಟಗಾರರನ್ನು ಸರಣಿಗೆ ಕರೆತಂದಿತ್ತು. ಅದರ ನಂತರ ಬಂದ ಎಂಗೇಜ್‌ನ ಕಥೆಯನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದು. ಸಾವಿರ ವರ್ಷ ನಿದ್ರಿಸಿ, ನೆನಪು ಕಳೆದುಕೊಂಡು ಎಚ್ಚೆತ್ತ ಆಲಿಯರ್ ಎಂಬ ದಿವ್ಯ ಡ್ರ್ಯಾಗನ್, ಮತ್ತೆ ತಲೆಯೆತ್ತುತ್ತಿರುವ ಸೊಂಬ್ರಾನ್ ಎಂಬ ದುಷ್ಟ ಡ್ರ್ಯಾಗನ್ನನ್ನು ಸೋಲಿಸಬೇಕು. ಅದಕ್ಕಾಗಿ ಹಳೆಯ ಆಟಗಳ ನಾಯಕರ ಚೇತನಗಳು ನೆಲೆಸಿರುವ 12 ಉಂಗುರಗಳನ್ನು ದೇಶದಿಂದ ದೇಶಕ್ಕೆ ಅಲೆದು ಕೂಡಿಸಬೇಕು.

ಸರಳವಾದ ಕಥೆ ಕೆಟ್ಟ ಕಥೆಯೇ ಆಗಬೇಕೆಂದಿಲ್ಲ. ಎಂಗೇಜ್‌ನ ತೊಂದರೆ ಇರುವುದು ಅದು ನಮ್ಮಿಂದ ಕೇಳುವ ಕಣ್ಣೀರಿನಲ್ಲಿ. ಆರಂಭದ ಅಧ್ಯಾಯಗಳಲ್ಲೇ ಆಲಿಯರ್‌ನ ತಾಯಿ ಲೂಮೆರಾ ಸಾಯುತ್ತಾಳೆ. ಆ ದೃಶ್ಯ ದೀರ್ಘವಾಗಿದೆ, ಸಂಗೀತ ಆರ್ದ್ರವಾಗಿದೆ, ಮಾತುಗಳು ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ; ಆದರೆ ಅವಳ ಪರಿಚಯವಾಗಿ ಇನ್ನೂ ಒಂದೆರಡು ಗಂಟೆಯೂ ಕಳೆದಿರುವುದಿಲ್ಲವಾದ್ದರಿಂದ ನಮ್ಮ ಎದೆಯಲ್ಲಿ ಏನೂ ಕದಲುವುದಿಲ್ಲ. ಬಾಂಧವ್ಯವನ್ನು ಕಟ್ಟುವ ಮೊದಲೇ ಅದರ ಅಗಲಿಕೆಗೆ ಅಳು ಎನ್ನುವ ಈ ಅವಸರ ಆಟದುದ್ದಕ್ಕೂ ಮರುಕಳಿಸುತ್ತದೆ.

ಇನ್ನು ಕಾಳಗ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಲೇಬೇಕು, ಏಕೆಂದರೆ ‘ಕಾಳಗ ಚೆನ್ನಾಗಿದೆ’ ಎಂದು ಒಂದೇ ಮಾತಿನಲ್ಲಿ ಹೊಗಳಿ ಮುಂದೆ ಹೋಗುವುದು ಅದನ್ನು ರೂಪಿಸಿದವರಿಗೆ ಮಾಡುವ ಅನ್ಯಾಯ. ಕತ್ತಿ ಕೊಡಲಿಯನ್ನು ಮಣಿಸುತ್ತದೆ, ಕೊಡಲಿ ಭರ್ಜಿಯನ್ನು, ಭರ್ಜಿ ಕತ್ತಿಯನ್ನು; ಇದು ಸರಣಿಯ ಹಳೆಯ ನಿಯಮ. ಹಿಂದಿನ ಆಟಗಳಲ್ಲಿ ಇದರಿಂದ ಗುರಿ ತಪ್ಪುವ ಸಂಭವವೂ ಏಟಿನ ಬಲವೂ ತುಸು ಹೆಚ್ಚು ಕಡಿಮೆಯಾಗುತ್ತಿತ್ತು, ಅಷ್ಟೇ. ಎಂಗೇಜ್‌ನಲ್ಲಿ ಮೇಲುಗೈಯ ಆಯುಧದಿಂದ ಏಟು ತಿಂದವನ ಕೈಯಿಂದ ಅವನ ಆಯುಧವೇ ಜಾರುತ್ತದೆ. ಅವನ ಮೇಲೆ ನಡೆಯುವ ಮುಂದಿನ ದಾಳಿಗೂ ಅವನು ಎದುರೇಟು ಕೊಡಲಾರ. ಇದಕ್ಕೆ ‘ಬ್ರೇಕ್’ ಎಂದು ಹೆಸರು. ಈ ಒಂದು ಬದಲಾವಣೆಯಿಂದ, ಯಾರು ಮೊದಲು ಹೊಡೆಯಬೇಕು, ಯಾರು ಆಮೇಲೆ ಬರಬೇಕು ಎಂಬ ಅನುಕ್ರಮವೇ ಇಡೀ ಸರದಿಯ ಜೀವಾಳವಾಗುತ್ತದೆ. ದುರ್ಬಲ ಯೋಧನೊಬ್ಬ ಶತ್ರುವಿನ ಆಯುಧವನ್ನು ಬೀಳಿಸಿದರೆ, ಅವನ ಹಿಂದೆಯೇ ಬರುವ, ಒಂದೇ ಏಟಿಗೆ ಉರುಳಬಹುದಾದ ಮಂತ್ರವಾದಿ ನಿರ್ಭಯವಾಗಿ ಮುನ್ನುಗ್ಗಬಲ್ಲ. ಭಾರವಾದ ಕವಚ ತೊಟ್ಟವರ ಮೇಲೆ ಈ ಉಪಾಯ ನಡೆಯುವುದಿಲ್ಲವಾದ್ದರಿಂದ, ಅವರಿಗೆ ಬೇರೆ ದಾರಿಯನ್ನು ಹುಡುಕಬೇಕು. ಜೊತೆಗೆ, ‘ಬ್ಯಾಕಪ್’ ಎಂಬ ವರ್ಗದ ಯೋಧರು ತಮ್ಮ ಆಯುಧ ತಲುಪುವ ದೂರದಲ್ಲಿರುವ ಶತ್ರುವಿನ ಮೇಲೆ ಗೆಳೆಯನೊಬ್ಬ ದಾಳಿ ಮಾಡಿದಾಗ ತಾವೂ ಕೈಜೋಡಿಸುತ್ತಾರೆ. ಅವರ ಏಟು ತಗಲುವ ಸಂಭವ ಶೇ. 80, ಅದು ಕಸಿಯುವುದು ಶತ್ರುವಿನ ಒಟ್ಟು ಪ್ರಾಣಬಲದ ಶೇ. 10 ಮಾತ್ರ, ಆದರೆ ಅಂಥವರು ಮೂವರು ಸರಿಯಾದ ಚೌಕಗಳಲ್ಲಿ ನಿಂತಿದ್ದರೆ, ಎಷ್ಟೇ ಬಲಿಷ್ಠ ಸೇನಾನಿಯೂ ಸವೆಯುತ್ತ ಹೋಗುತ್ತಾನೆ. ಎಲ್ಲಿ ನಿಲ್ಲಬೇಕು ಎಂಬ ಒಂದೇ ಪ್ರಶ್ನೆಗೆ ಇಷ್ಟೊಂದು ಉತ್ತರಗಳನ್ನು ಒದಗಿಸಿದ ಆಟಗಳು ನಾನು ಕಂಡಂತೆ ಬಹಳ ಇಲ್ಲ.

ಉಂಗುರಗಳ ಶಕ್ತಿಯೂ ಹೀಗೆಯೇ ಯೋಚನೆಯನ್ನು ಬೇಡುತ್ತದೆ. ಉಂಗುರದ ನಾಯಕನೊಡನೆ ಒಂದಾದ ಯೋಧನಿಗೆ ಆ ಅಪಾರ ಬಲ ದಕ್ಕುವುದು ಮೂರು ಸರದಿಗಳ ಮಟ್ಟಿಗೆ. ಆಮೇಲೆ ಮತ್ತೆ ಕಾದಾಡಿ ಅದನ್ನು ತುಂಬಿಕೊಳ್ಳಬೇಕು. ಈಗಲೇ ಬಳಸಲೇ, ಬಾಗಿಲಿನಾಚೆ ಏನಿದೆಯೋ ನೋಡಿ ಆಮೇಲೆ ಬಳಸಲೇ ಎಂಬ ತೊಳಲಾಟ ಪ್ರತಿ ಕಾಳಗದಲ್ಲೂ ಇದ್ದೇ ಇರುತ್ತದೆ.

ಹಾಗಾದರೆ ನನ್ನ ತೀರ್ಪೇನು? ಎಂಗೇಜ್‌ನ ಮಟ್ಟಿಗೆ ಕಾಳಗವೇ ಹೆಚ್ಚು ತೂಗುತ್ತದೆ. ಆದರೆ ನಾನು ಹೀಗೆ ಹೇಳುವುದಕ್ಕೆ, ಆಟಕ್ಕೆ ಕಥೆ ಅಷ್ಟು ಮುಖ್ಯವಲ್ಲ ಎಂಬ ಸಾಮಾನ್ಯ ವಾದವು ಕಾರಣವಲ್ಲ. ಆ ವಾದವನ್ನು ನಾನು ಒಪ್ಪುವುದೂ ಇಲ್ಲ. ಒಳ್ಳೆಯ ಕಾಳಗವು ತಾನೇ ಒಂದು ಕಥೆಯನ್ನು ಹೆಣೆಯುತ್ತದೆ ಎಂಬುದು ನನ್ನ ಕಾರಣ. ಬಿದ್ದ ಯೋಧ ಮತ್ತೆ ಕಣಕ್ಕೆ ಬಾರದ ‘ಕ್ಲಾಸಿಕ್’ ಕ್ರಮದಲ್ಲಿ ಆಡುವವರಿಗೆ ಇದು ಚೆನ್ನಾಗಿ ಗೊತ್ತು. ಹತ್ತು ಅಧ್ಯಾಯಗಳ ಕಾಲ ಸೇತುವೆಗಳನ್ನು ಕಾಯ್ದ, ಇತರರ ಮೇಲೆ ಬೀಳಬೇಕಿದ್ದ ಏಟುಗಳನ್ನು ತಾನು ತಿಂದ ಕವಚಧಾರಿಯೊಬ್ಬನನ್ನು ನಾನು ಒಂದು ಚೌಕದಷ್ಟು ತಪ್ಪಾಗಿ ನಿಲ್ಲಿಸಿ ಕಳೆದುಕೊಂಡಾಗ, ಲೂಮೆರಾಳ ಸಾವಿನಲ್ಲಿ ಹುಟ್ಟದ ದುಃಖ ನನ್ನಲ್ಲಿ ಹುಟ್ಟಿತು. ಅವನ ಬಾಯಲ್ಲಿ ಬರಹಗಾರರು ಇಟ್ಟಿದ್ದ ಮಾತುಗಳಲ್ಲಿ ಒಂದೂ ನನಗೆ ನೆನಪಿಲ್ಲ. ಅವನು ನಿಂತ ಜಾಗಗಳೆಲ್ಲ ನೆನಪಿವೆ.

ಇದೇ ಆಟದ 11ನೆಯ ಅಧ್ಯಾಯದಲ್ಲಿ, ಕಥೆಯನ್ನು ಬರೆದವರೂ ಕಾಳಗವನ್ನು ರೂಪಿಸಿದವರೂ ಒಂದೇ ಕೋಣೆಯಲ್ಲಿ ಕುಳಿತು ಕೆಲಸ ಮಾಡಿದರೇನೋ ಎಂದು ನನಗೆ ಅನಿಸುವುದುಂಟು. ಅದುವರೆಗೆ ಕೂಡಿಸಿದ ಉಂಗುರಗಳೆಲ್ಲ ಶತ್ರುವಿನ ಪಾಲಾಗುತ್ತವೆ. ಮಾಡಿದ ತಪ್ಪನ್ನು ಅಳಿಸಿ ಹಿಂದಿನ ನಡೆಗೆ ಮರಳಲು ನೆರವಾಗುತ್ತಿದ್ದ ಕಾಲದ ಸ್ಫಟಿಕವೂ ಕೈತಪ್ಪುತ್ತದೆ. ಗೆಲ್ಲುವ ಮಾತಿಲ್ಲ, ಓಡಿ ಪಾರಾಗಬೇಕು. ನಿನ್ನೆಯವರೆಗೆ ನಮ್ಮದಾಗಿದ್ದ ಶಕ್ತಿಗಳನ್ನು ಧರಿಸಿದವರೇ ಬೆನ್ನಟ್ಟಿ ಬರುತ್ತಾರೆ. ಹಳೆಯ ಆಟವೊಂದರ ನಾಯಕನಾದ ಸಿಗರ್ಡ್‌ನ ಉಂಗುರ ಕುದುರೆ ಸವಾರನನ್ನು ಎಷ್ಟು ದೂರ ಒಯ್ಯಬಲ್ಲದೆಂದು ಹಿಂದಿನ ಅಧ್ಯಾಯಗಳಲ್ಲಿ ನಾವೇ ಅದನ್ನು ಬಳಸಿ ತಿಳಿದಿರುವುದರಿಂದ, ಅದು ಶತ್ರುವಿನ ಕೈಯಲ್ಲಿರುವುದನ್ನು ಕಂಡಾಗ ಯಾವ ಸಂಭಾಷಣೆಯೂ ಹುಟ್ಟಿಸದ ಭಯ ಹುಟ್ಟುತ್ತದೆ. ಅಲ್ಲಿ ಸೋಲು ಎಂಬುದು ಪರದೆಯ ಮೇಲೆ ಯಾರೋ ಹೇಳಿದ ಸುದ್ದಿಯಾಗಿರದೆ, ನಮ್ಮ ನಡೆಗಳೇ ಕುಗ್ಗಿಹೋದ ಅನುಭವವಾಗಿರುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಹೇಳದಿದ್ದರೆ ನನ್ನ ವಾದ ಪ್ರಾಮಾಣಿಕವಾಗದು. 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ, ಯಾಸುಮಿ ಮಾತ್ಸುನೊ ನಿರ್ದೇಶಿಸಿದ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಶ್ರೀಮಂತ ಕುಲದ ರಾಮ್ಜಾ ಮತ್ತು ಸಾಮಾನ್ಯ ಕುಲದ ಡೆಲಿಟಾ ಎಂಬ ಇಬ್ಬರು ಗೆಳೆಯರ ದಾರಿಗಳು ಬೇರೆಯಾಗುವ ಕಥೆ. ಅದರ ಉತ್ತರಾರ್ಧದಲ್ಲಿ ಒರ್ಲಾಂಡು ಎಂಬ ಮಹಾವೀರ ನಮ್ಮ ದಂಡನ್ನು ಸೇರುತ್ತಾನೆ. ಅವನ ಬಲ ಎಷ್ಟೆಂದರೆ, ಆಮೇಲಿನ ಬಹುತೇಕ ಕಾಳಗಗಳನ್ನು ಅವನೊಬ್ಬನೇ ಮುಗಿಸಿಬಿಡಬಲ್ಲ. ಕಾಳಗದ ಸಮತೋಲ ಅಲ್ಲಿಗೆ ಕೆಟ್ಟಿತು. ಆದರೂ ನಾನು ಆ ಆಟವನ್ನು ಕೊನೆಯವರೆಗೆ ಬಿಡದೆ ಆಡಿದೆ, ಏಕೆಂದರೆ ಡೆಲಿಟಾ ಏರುತ್ತಿದ್ದ ಎತ್ತರಕ್ಕೆ ಅವನು ಯಾವ ಬೆಲೆ ತೆರುವನೆಂದು ನನಗೆ ತಿಳಿಯಬೇಕಿತ್ತು. ಕಥೆಯೂ ಕಾಳಗದ ಭಾರವನ್ನು ಹೊರಬಲ್ಲದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಕಥೆ ಕಡಿಮೆ ಇರುವುದೂ ಕಥೆ ಕೆಟ್ಟಿರುವುದೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು. 2018ರ ‘ಇನ್‌ಟು ದಿ ಬ್ರೀಚ್’ನಲ್ಲಿ ಉದ್ದಗಲಕ್ಕೆ ಎಂಟೆಂಟು ಚೌಕಗಳ ಪುಟ್ಟ ಕಣವಿದೆ, ಮೂರು ಯಂತ್ರಗಳಿವೆ, ಶತ್ರು ಮುಂದೆ ಎಲ್ಲಿಗೆ ಹೊಡೆಯುತ್ತಾನೆಂಬುದನ್ನು ಆಟ ಮೊದಲೇ ತೋರಿಸಿಬಿಡುತ್ತದೆ. ಕಥೆಯೆಂದರೆ ಆಗಾಗ ಬರುವ ಒಂದೆರಡು ವಾಕ್ಯಗಳು ಮಾತ್ರ. ಅದರ ಮೇಲೆ ಕಥೆಯ ದೂರನ್ನು ಹೊರಿಸಲು ನನಗೆ ಮನಸ್ಸಾಗದು, ಏಕೆಂದರೆ ಅದು ನಮ್ಮ ಹೊತ್ತನ್ನು ಕಥೆಗಾಗಿ ಕೇಳುವುದೇ ಇಲ್ಲ. ಎಂಗೇಜ್ ಕೇಳುತ್ತದೆ, ಗಂಟೆಗಟ್ಟಲೆ ಕೇಳುತ್ತದೆ. ಅದರ ಕಥೆಯ ಮೇಲಿನ ನನ್ನ ದೂರು ನಿಲ್ಲುವುದು ಈ ಕಾರಣಕ್ಕೆ.

ಎರಡನೆಯ ಸಲ ಎಂಗೇಜ್ ಆಡಲು ಕುಳಿತಾಗ ನಾನು ದೃಶ್ಯಗಳನ್ನು ಗುಂಡಿ ಒತ್ತಿ ದಾಟಿಸುತ್ತ, ಒಂದು ಕಾಳಗದಿಂದ ಇನ್ನೊಂದಕ್ಕೆ ನೇರವಾಗಿ ಹೋದೆ. ಆಟ ಆಗ ಮೊದಲಿಗಿಂತ ಬಿಗಿಯಾಗಿ, ಚುರುಕಾಗಿ ಕಂಡಿತು. 11ನೆಯ ಅಧ್ಯಾಯಕ್ಕೆ ಮೊದಲು ಉಂಗುರಗಳು ಕೈತಪ್ಪುವ ದೃಶ್ಯ ಬಂದಾಗ ಮಾತ್ರ ಗುಂಡಿಯಿಂದ ಬೆರಳನ್ನು ತೆಗೆದು, ಅದನ್ನು ಪೂರ್ತಿಯಾಗಿ ನೋಡಿದೆ.

ನಮಸ್ಕಾರ.