ಕಿರುಗುಟ್ಟುವ ಕೆನ್ನೆ

ಕೇಳುಗರಿಗೆ ನಮಸ್ಕಾರ.

ಮುಖ ತೊಳೆಯುವುದರ ಬಗ್ಗೆ ಹೇಳುವುದಕ್ಕೆ ಏನಿದೆ ಅಂತ ನಿಮಗೆ ಅನಿಸಿರಬಹುದು. ನನಗೂ ಹಾಗೇ ಅನಿಸುತ್ತಿತ್ತು. ಎರಡು ಬೊಗಸೆ ನೀರು, ಒಂದು ಸೋಪು, ಒಂದು ಟವೆಲ್ಲು. ಮುಗಿಯಿತು. ಆದರೆ ಇಷ್ಟೇ ಇಷ್ಟು ಕೆಲಸವನ್ನು ನಾನು ಸುಮಾರು ಇಪ್ಪತ್ತು ವರ್ಷ ತಪ್ಪಾಗಿ ಮಾಡಿದ್ದೇನೆ. ಅದೂ ಬಹಳ ಶ್ರದ್ಧೆಯಿಂದ.

ನನ್ನ ಲೆಕ್ಕ ಹೀಗಿತ್ತು. ಬಿಸಿಬಿಸಿ ನೀರು ಹಾಕಬೇಕು, ಸೋಪನ್ನು ನೊರೆ ಬರುವ ಹಾಗೆ ತಿಕ್ಕಬೇಕು, ತೊಳೆದ ಮೇಲೆ ಕೆನ್ನೆಯ ಮೇಲೆ ಬೆರಳು ಎಳೆದು ನೋಡಬೇಕು. ಕಿರ್ರ್ ಅಂತ ಸದ್ದು ಬರಬೇಕು. ತೊಳೆದಿಟ್ಟ ಗಾಜಿನ ಲೋಟದ ಮೇಲೆ ಒದ್ದೆ ಬೆರಳು ಆಡಿಸಿದರೆ ಬರುತ್ತಲ್ಲ, ಅದೇ ಸದ್ದು. ಬಂದರೆ ಪಾಸು. ಬರದಿದ್ದರೆ ಇನ್ನೊಂದು ಸಲ ಸೋಪು. ಆಮೇಲೆ ಹತ್ತು ನಿಮಿಷ ಮುಖ ಎಷ್ಟು ಬಿಗಿಯಾಗಿರುತ್ತಿತ್ತು ಅಂದರೆ, ಬಾಯಿ ತುಂಬಾ ನಗುವುದಕ್ಕೂ ಯೋಚನೆ ಮಾಡಬೇಕಿತ್ತು. ಅದನ್ನೇ ನಾನು ತಾಜಾತನ ಅಂದುಕೊಂಡಿದ್ದೆ.

ಇದರ ಮೇಲೆ ಒಂದು ಸ್ಕ್ರಬ್ ತಂದೆ. ಟ್ಯೂಬಿನೊಳಗೆ ಮರಳಿನಂಥ ಸಣ್ಣ ಸಣ್ಣ ಕಾಳು. ವಾರಕ್ಕೊಮ್ಮೆ ಹಚ್ಚಿ ಅಂತ ಬರೆದಿತ್ತು. ನಾನು ದಿನಾ ಹಚ್ಚಿದೆ. ಜಾಸ್ತಿ ಹಚ್ಚಿದರೆ ಜಾಸ್ತಿ ಲಾಭ, ಅಲ್ವಾ? ಮೂರನೇ ವಾರಕ್ಕೆ ಮೂಗಿನ ಅಕ್ಕಪಕ್ಕ ಕೆಂಪಗಾಯಿತು. ತುಟಿಯ ಅಂಚಿನಲ್ಲಿ ಸಿಪ್ಪೆ ಏಳತೊಡಗಿತು. ಬರೀ ನೀರು ತಾಗಿದರೂ ಚುರ್ ಅನ್ನುತ್ತಿತ್ತು. ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಔಷಧಿ ಬರೆಯುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: “ಮುಖ ಹೇಗೆ ತೊಳೀತೀರಿ?” ನಾನು ಹೆಮ್ಮೆಯಿಂದಲೇ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ತಳ ಹತ್ತಿದ ಪಾತ್ರೆಯನ್ನೂ ಯಾರೂ ಹೀಗೆ ಉಜ್ಜಲ್ಲಮ್ಮ,” ಅಂದರು.

ಅವತ್ತು ಅವರು ಒಂದು ಹಾಳೆಯ ಮೇಲೆ ಪೆನ್ನಿನಲ್ಲಿ ಇಟ್ಟಿಗೆ ಗೋಡೆ ಬರೆದು ತೋರಿಸಿದರು. ನಮ್ಮ ಚರ್ಮದ ತೀರಾ ಮೇಲಿನ ಪದರ ಇರುವುದು ಹಾಗೇ ಅಂತೆ. ಇಟ್ಟಿಗೆ ಅಂದರೆ ಸತ್ತ, ಚಪ್ಪಟೆಯಾದ ಜೀವಕೋಶಗಳು. ಅವುಗಳ ನಡುವಿನ ಗಾರೆ ಅಂದರೆ ಕೊಬ್ಬಿನಂಶಗಳು: ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು. ಅಮೆರಿಕದ ಚರ್ಮ ವಿಜ್ಞಾನಿ ಪೀಟರ್ ಎಲಿಯಾಸ್ ಈ ಗೋಡೆಯ ಹೋಲಿಕೆಯನ್ನು ಜನಪ್ರಿಯ ಮಾಡಿದವರು. ಇಡೀ ಗೋಡೆಯ ದಪ್ಪ ಎಷ್ಟು ಗೊತ್ತಾ? ಒಂದು ಮಿಲಿಮೀಟರನ್ನು 50 ಪಾಲು ಮಾಡಿದರೆ ಅದರಲ್ಲಿ ಹೆಚ್ಚುಕಮ್ಮಿ ಒಂದು ಪಾಲು. ಒಳಗಿನ ನೀರು ಹೊರಗೆ ಆರಿಹೋಗದಂತೆ, ಹೊರಗಿನ ಧೂಳು, ರೋಗಾಣು ಒಳಗೆ ಬರದಂತೆ ಕಾಯುತ್ತಿರುವುದು ಇಷ್ಟು ತೆಳ್ಳಗಿನ ಗೋಡೆ. ನಾನು ದಿನಾ ಎರಡು ಹೊತ್ತು ಅದರ ಗಾರೆಯನ್ನು ಕೆರೆದು ಹಾಕುತ್ತಿದ್ದೆ. ಕಿರ್ರ್ ಅನ್ನುತ್ತಿದ್ದದ್ದು ಆ ಗೋಡೆ.

ಸೋಪಿನದ್ದೂ ತಪ್ಪಲ್ಲ. ಜಿಡ್ಡನ್ನು ಹಿಡಿದು ನೀರಿನ ಜೊತೆ ಸಾಗಿಸುವುದು ಅದರ ಕೆಲಸ. ಆದರೆ ಹೊರಗಿನಿಂದ ಬಂದು ಕೂತ ಜಿಡ್ಡು ಯಾವುದು, ಚರ್ಮವೇ ಕಷ್ಟಪಟ್ಟು ಮಾಡಿಕೊಂಡ ಗಾರೆ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಎರಡನ್ನೂ ಎತ್ತಿಕೊಂಡು ಹೋಗುತ್ತದೆ.

ಇನ್ನೊಂದು ವಿಷಯ ಇದೆ. ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಸ್ವಭಾವದ್ದು. 1928ರಲ್ಲಿ ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ಜರ್ಮನಿಯ ಇಬ್ಬರು ವಿಜ್ಞಾನಿಗಳು ಇದಕ್ಕೆ ‘ಆಮ್ಲದ ಹೊದಿಕೆ’ ಅಂತ ಹೆಸರಿಟ್ಟರು. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಅದು ಕಮ್ಮಿಯಾದಷ್ಟೂ ಹುಳಿ ಜಾಸ್ತಿ. ಆರೋಗ್ಯವಾದ ಚರ್ಮದ ಪಿಎಚ್ ಸುಮಾರು 5. ಮಾಮೂಲಿ ಸೋಪಿನದ್ದು 9ರಿಂದ 10. ನಾಲ್ಕೇ ಅಂಕಿ ತಾನೇ ಅನ್ನಬೇಡಿ. ಪಿಎಚ್ ಲೆಕ್ಕದಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ನಾಲ್ಕು ಅಂಕಿ ಅಂದರೆ ಹತ್ತು ಸಾವಿರ ಪಟ್ಟು. ಆ ಗಾರೆಯನ್ನು ತಯಾರಿಸುವ ಕಿಣ್ವಗಳಿಗೆ ಹುಳಿಯ ವಾತಾವರಣವೇ ಬೇಕು. ಅದು ಕೆಟ್ಟರೆ ರಿಪೇರಿ ಕೆಲಸವೂ ನಿಧಾನವಾಗುತ್ತದೆ. ಎಳೆಯ ಚರ್ಮ ಹೇಗೋ ಸುಧಾರಿಸಿಕೊಳ್ಳುತ್ತದೆ. ವಯಸ್ಸಾದಂತೆ ಜಿಡ್ಡೂ ಕಮ್ಮಿ, ರಿಪೇರಿಯೂ ನಿಧಾನ. ಹಾಗಾಗಿ ಇಪ್ಪತ್ತರಲ್ಲಿ ಒಗ್ಗಿದ ಸೋಪು ಐವತ್ತರಲ್ಲಿ ಒಗ್ಗದೇ ಹೋಗಬಹುದು.

ಹಾಗಾದರೆ ಏನು ಹಚ್ಚಬೇಕು? ಹೆಸರು ಬರೆದುಕೊಳ್ಳಲು ಪೆನ್ನು ಹುಡುಕಬೇಡಿ, ನಾನು ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ‘ಸೋಪ್ ಫ್ರೀ’, ‘ಜೆಂಟಲ್’ ಅಂತ ಬರೆದ, ಘಮಘಮ ವಾಸನೆ ಇಲ್ಲದ ಒಂದು ಸಾದಾ ಕ್ಲೆನ್ಸರ್ ಸಾಕು. ನೊರೆ ಕಮ್ಮಿ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ನೊರೆ ಕಣ್ಣಿಗೆ ಹಬ್ಬ, ಅಷ್ಟೇ. ಲೇಬಲ್ ಓದುವ ಅಭ್ಯಾಸ ಇದ್ದವರಿಗೆ ಒಂದು ಮಾತು. ಸೋಡಿಯಂ ಲಾರಿಲ್ ಸಲ್ಫೇಟ್ ಅನ್ನುವ ಹೆಸರು ಮೊದಲ ಸಾಲಿನಲ್ಲೇ ಇದ್ದು, ನಿಮ್ಮದು ಬೇಗ ಉರಿಯುವ ಚರ್ಮವಾಗಿದ್ದರೆ, ಅದನ್ನು ವಾಪಸ್ ಇಟ್ಟುಬಿಡಿ. ಪ್ರಯೋಗಕ್ಕೆ ಅಂತ ಬೇಕೆಂದೇ ಚರ್ಮವನ್ನು ಕೆರಳಿಸಬೇಕಾದಾಗ ಸಂಶೋಧಕರು ಹಚ್ಚುವುದು ಇದನ್ನೇ.

ಲೇಬಲ್ ಓದದವರಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಮುಖ ತೊಳೆದು, ಒರೆಸಿಕೊಂಡು, ಏನನ್ನೂ ಹಚ್ಚದೆ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಮುಖ ಇದೆ ಅನ್ನುವುದೇ ನೆನಪಾಗದಿದ್ದರೆ ಆ ಕ್ಲೆನ್ಸರ್ ನಿಮಗೆ ಆಗುತ್ತದೆ. ಕೆನ್ನೆ ಎಳೆದಂತಾದರೆ ಆಗುವುದಿಲ್ಲ.

ಈಗ ತೊಳೆಯುವ ರೀತಿ. ಮೊದಲು ಕೈ ತೊಳೆಯಿರಿ. ಕೊಳೆ ಕೈಯಿಂದ ಮುಖ ಶುಚಿ ಮಾಡಲು ಹೊರಡುವವರೇ ಜಾಸ್ತಿ. ಕೂದಲು ಹಿಂದಕ್ಕೆ ಕಟ್ಟಿ. ನೀರನ್ನು ಮಣಿಕಟ್ಟಿನ ಒಳಮೈ ಮೇಲೆ ಬಿಟ್ಟು ನೋಡಿ. ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. ಮುಖ ಪೂರ್ತಿ ಒದ್ದೆ ಮಾಡಿಕೊಂಡ ಮೇಲೆ ಹೆಬ್ಬೆರಳ ಉಗುರಿನಷ್ಟು ಕ್ಲೆನ್ಸರ್ ತೆಗೆದುಕೊಂಡು, ಎರಡೂ ಅಂಗೈಗೆ ಹರಡಿ, ಬೆರಳ ತುದಿಯಿಂದ ಹಚ್ಚಿ. ಉಜ್ಜುವುದು ಬೇಡ, ಬೆರಳು ಜಾರಬೇಕು. ಹಣೆ, ಮೂಗಿನ ಪಕ್ಕದ ಮಡಿಕೆ, ಗದ್ದದ ಕೆಳಗೆ, ಕಿವಿಯ ಮುಂದೆ. ಕಣ್ಣಿನ ಹತ್ತಿರ ಬಂದಾಗ ಉಂಗುರದ ಬೆರಳಿಗೆ ಕೆಲಸ ಕೊಡಿ. ಐದು ಬೆರಳುಗಳಲ್ಲಿ ಅದು ಸ್ವಲ್ಪ ಸಾಧು. ರೆಪ್ಪೆಯ ಚರ್ಮ ಇಡೀ ಮೈಯಲ್ಲೇ ಅತಿ ತೆಳುವಾದದ್ದು. ಅರ್ಧ ನಿಮಿಷ ಸಾಕು. ಆಮೇಲೆ ಏಳೆಂಟು ಬೊಗಸೆ ನೀರು. ಕೂದಲಿನ ಅಂಚಿನಲ್ಲಿ, ದವಡೆಯ ಕೆಳಗೆ ನೊರೆ ಉಳಿದುಬಿಡುತ್ತದೆ. ಅಲ್ಲೇ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದರೆ ಒಮ್ಮೆ ಇದನ್ನೂ ಗಮನಿಸಿ.

ಟವೆಲ್ಲಿನ ಕಥೆ ಇನ್ನೊಂದು. ಮುಖವನ್ನು ಎಡಕ್ಕೂ ಬಲಕ್ಕೂ ಎಳೆದಾಡಿ ಒರೆಸುತ್ತೇವಲ್ಲ, ಅದು ಬೇಡ. ಮೆತ್ತಗಿನ ಬಟ್ಟೆ ಒತ್ತಿ ತೆಗೆಯಿರಿ. ಪೂರ್ತಿ ಒಣಗಿಸಲೇಬೇಡಿ. ಇನ್ನೂ ಸ್ವಲ್ಪ ಪಸೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿದರೆ ಆ ಪಸೆಯೂ ಒಳಗೇ ನಿಲ್ಲುತ್ತದೆ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಸೆರಮೈಡ್ ಗಾರೆಗೆ ಸೇರುತ್ತದೆ, ಪೆಟ್ರೋಲಿಯಂ ಜೆಲ್ಲಿ ಮೇಲೆ ಮುಚ್ಚಳ ಹಾಕುತ್ತದೆ. ಜಿಡ್ಡು ಮುಖದವರು ಜೆಲ್ಲಿಯ ಗೊಡವೆಗೆ ಹೋಗದೆ ಹಗುರವಾದ ಲೋಷನ್ ನೋಡಿಕೊಳ್ಳಲಿ.

ದಿನಕ್ಕೆ ಎರಡು ಸಲ ತೊಳೆದರೆ ಸಾಕು. ಚೆನ್ನಾಗಿ ಬೆವರಿದ್ದರೆ ಮೂರನೆಯದು. ಒಣ ಚರ್ಮದವರಿಗೆ ಬೆಳಿಗ್ಗೆ ಬರೀ ನೀರೂ ನಡೆಯುತ್ತದೆ. ರಾತ್ರಿಯದ್ದನ್ನು ಮಾತ್ರ ತಪ್ಪಿಸಬೇಡಿ. ಮೇಕಪ್ಪು ಅಥವಾ ದಪ್ಪ ಸನ್‌ಸ್ಕ್ರೀನ್ ಹಚ್ಚಿದ್ದರೆ ಮೊದಲು ಎಣ್ಣೆಯಂಥ ಕ್ಲೆನ್ಸರ್ ಸವರಿ ಸಡಿಲ ಮಾಡಿ, ಆಮೇಲೆ ಮಾಮೂಲಿನದ್ದರಲ್ಲಿ ತೊಳೆಯಿರಿ. ಜಿಡ್ಡನ್ನು ಜಿಡ್ಡಿನಿಂದಲೇ ಎಬ್ಬಿಸುವುದು ಹಳೇ ಉಪಾಯ. ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಜೇನುಮೇಣ, ಎಣ್ಣೆ, ಗುಲಾಬಿ ನೀರು ಸೇರಿಸಿ ಒಂದು ಲೇಪ ಮಾಡಿದ್ದ. ಕೋಲ್ಡ್ ಕ್ರೀಮ್ ಅನ್ನುತ್ತೇವಲ್ಲ, ಅದರ ಮೂಲ ಪುರುಷ ಅದೇ. ಹಚ್ಚಿದಾಗ ನೀರು ಆರಿ ತಣ್ಣಗನಿಸುತ್ತದೆ, ಅದಕ್ಕೇ ಆ ಹೆಸರು.

ಮೊಡವೆ ಇದೆ ಅಂತ ದಿನಕ್ಕೆ ಐದಾರು ಸಲ ತೊಳೆಯುವ ಹುಡುಗ ಹುಡುಗಿಯರಿಗೆ ಒಂದು ಮಾತು. ಮೊಡವೆ ಕೊಳೆಯಿಂದ ಬರುವುದಲ್ಲ. ಮೂಗಿನ ಮೇಲಿನ ಕಪ್ಪು ಚುಕ್ಕೆಯೂ ಕೊಳೆಯಲ್ಲ. ರಂಧ್ರದಲ್ಲಿ ಸೇರಿಕೊಂಡ ಜಿಡ್ಡು, ಸತ್ತ ಕೋಶ ಎಲ್ಲ ಗಾಳಿ ತಾಗಿ ಕಪ್ಪಾಗಿರುವುದು. ಅದನ್ನು ಉಜ್ಜಿ ತೆಗೆಯಲು ಆಗುವುದಿಲ್ಲ. ಬಿಸಿನೀರಿಗೆ ರಂಧ್ರ ತೆರೆದು ತಣ್ಣೀರಿಗೆ ಮುಚ್ಚಿಕೊಳ್ಳುತ್ತದೆ ಅನ್ನುವುದನ್ನೂ ನಂಬಬೇಡಿ. ರಂಧ್ರಕ್ಕೆ ಬಾಗಿಲಿಲ್ಲ, ತೆರೆದು ಮುಚ್ಚುವ ಸ್ನಾಯುವೂ ಇಲ್ಲ.

ಇಷ್ಟೆಲ್ಲ ಮಾಡಿದರೆ ವಯಸ್ಸು ಕಮ್ಮಿ ಕಾಣುತ್ತದಾ? ಪ್ರಾಮಾಣಿಕವಾಗಿ ಹೇಳುತ್ತೇನೆ. ಮುಖದ ಮೇಲೆ ಅರ್ಧ ನಿಮಿಷ ಇದ್ದು ಚರಂಡಿಗೆ ಹೋಗುವ ವಸ್ತು ಸುಕ್ಕನ್ನು ತೆಗೆಯುತ್ತದೆ ಅಂದರೆ ನಾನು ನಂಬುವುದಿಲ್ಲ. ಅದರಲ್ಲಿ ಯಾವ ವಿಟಮಿನ್ ಹಾಕಿದ್ದರೂ ಅಷ್ಟೇ, ಜಾಸ್ತಿ ಪಾಲು ಲಾಭ ಚರಂಡಿಗೆ. ಹದವಾಗಿ ತೊಳೆದ ಮುಖ ಒಣಗಿ ಬಿರಿಯುವುದಿಲ್ಲ. ಒಣ ಚರ್ಮದಲ್ಲಿ ಎದ್ದು ಕಾಣುವ ಸಣ್ಣ ಗೆರೆ ಮೆತ್ತಗಾಗುತ್ತದೆ. ತೊಳೆಯುವುದರಿಂದ ಸಿಗುವುದು ಅಷ್ಟು. ಅದೂ ಕಮ್ಮಿಯೇನಲ್ಲ.

ಆದರೆ ಮುಖವನ್ನು ನಿಜವಾಗಿ ಮುದಿ ಮಾಡುವುದು ಬಿಸಿಲು. 2012ರಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ಲಾರಿ ಚಾಲಕನ ಫೋಟೋ ಬಂದಿತ್ತು. ವಯಸ್ಸು 69. ಆತ 28 ವರ್ಷ ಗಾಡಿ ಓಡಿಸಿದ್ದ. ಆ ಕಡೆ ಗಾಡಿ ಓಡಿಸುವವರು ಎಡಗಡೆ ಕೂರುತ್ತಾರೆ. ಆ ಫೋಟೋ ನೋಡಿದರೆ ಒಬ್ಬನೇ ಮನುಷ್ಯನ ಮುಖ ಅನಿಸುವುದಿಲ್ಲ. ಬಲಗಡೆ ವಯಸ್ಸಿಗೆ ತಕ್ಕಂತೆ ಇದೆ. ಕಿಟಕಿಯ ಕಡೆಗಿದ್ದ ಎಡಗೆನ್ನೆ ದಪ್ಪವಾಗಿ, ಆಳವಾದ ಸುಕ್ಕು ಬಿದ್ದು, ಜೋತುಬಿದ್ದಿದೆ. ಹತ್ತಿಪ್ಪತ್ತು ವರ್ಷ ಹಿರಿಯನೊಬ್ಬನ ಅರ್ಧ ಮುಖ ತಂದು ಅಂಟಿಸಿದ ಹಾಗೆ. ಚರ್ಮ ಸುಡುವ ಕಿರಣವನ್ನು ಕಿಟಕಿ ಗಾಜು ಬಹುಪಾಲು ತಡೆಯುತ್ತದೆ. ಅದಕ್ಕೇ ಉರಿ ಗೊತ್ತಾಗುವುದಿಲ್ಲ. ಆಳಕ್ಕಿಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನನ್ನು ಕೆಡಿಸುವ ಯುವಿ-ಎ ಕಿರಣ ಮಾತ್ರ ಗಾಜು ದಾಟಿ ಬರುತ್ತಲೇ ಇರುತ್ತದೆ. ಕಿಟಕಿ ಪಕ್ಕ ಕೂತು ಕೆಲಸ ಮಾಡುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಆಸ್ಟ್ರೇಲಿಯಾದ ನಾಂಬೋರ್ ಎಂಬ ಊರಿನಲ್ಲಿ 55 ವರ್ಷದೊಳಗಿನ 900ಕ್ಕೂ ಹೆಚ್ಚು ಜನರ ಮೇಲೆ ನಾಲ್ಕೂವರೆ ವರ್ಷ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಿ ಅಂದರು, ಉಳಿದವರಿಗೆ ನಿಮ್ಮಿಷ್ಟ ಅಂದರು. ಅಂಗೈಯ ಹಿಂಭಾಗದ ಅಚ್ಚು ತೆಗೆದು ಚರ್ಮದ ಗೆರೆ ಅಳೆದರು. ದಿನಾ ಹಚ್ಚಿದವರಲ್ಲಿ ಚರ್ಮ ಮುಪ್ಪಾಗಿದ್ದು 24 ಶೇಕಡಾ ಕಮ್ಮಿ. ಇದು ಪ್ರಕಟವಾಗಿದ್ದು 2013ರಲ್ಲಿ. ಯಾವ ಸುಕ್ಕಿನ ಕ್ರೀಮಿನ ಜಾಹೀರಾತಿಗಿಂತಲೂ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಹಚ್ಚುವ ಅಳತೆ ಹೇಳುತ್ತೇನೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು, ಮುಖ ಮತ್ತು ಕತ್ತಿಗೆ. ಎಸ್‌ಪಿಎಫ್, ಅಂದರೆ ಸುಡುವ ಕಿರಣವನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ, 30 ಇದ್ದರೆ ಸಾಕು, ಆದರೆ ಯುವಿ-ಎ ಕಿರಣವನ್ನೂ ತಡೆಯುವಂಥದ್ದಾಗಿರಲಿ. ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಟೋಪಿ, ಛತ್ರಿ ಇದ್ದರೆ ಇನ್ನೂ ಒಳ್ಳೆಯದು.

ವಿಟಮಿನ್ ಎ ಜಾತಿಯ ರೆಟಿನಾಯ್ಡ್ ಕ್ರೀಮುಗಳ ಬಗ್ಗೆ ಕೇಳಿರುತ್ತೀರಿ. ಅವು ಸುಕ್ಕಿಗೆ ಕೆಲಸ ಮಾಡುತ್ತವೆ, ಉರಿಯನ್ನೂ ಕೊಡುತ್ತವೆ. ಬಸುರಿಯರು ಹಚ್ಚಬಾರದು. ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಒಂದೇ ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಮಾಡುವ ಕ್ರೀಮು ಅಂತ ಯಾರಾದರೂ ಕೊಟ್ಟರೆ ಮಾತ್ರ ದೂರ ಇರಿ. ಅಂಥವುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮೊದಲು ಹೊಳಪು ಬರುತ್ತದೆ, ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ. ಬಿಡಿಸಿಕೊಳ್ಳುವುದು ಬಹಳ ಕಷ್ಟ. ಬಣ್ಣ ಅಥವಾ ಆಕಾರ ಬದಲಾಗುತ್ತಿರುವ ಮಚ್ಚೆ, ವಾರಗಟ್ಟಲೆ ಮಾಯದ ಗಾಯ ಇದ್ದರೂ ಡಾಕ್ಟರಿಗೆ ತೋರಿಸಿ.

ನನ್ನ ಮುಖ ಸರಿಹೋಗಲು ಒಂದೂವರೆ ತಿಂಗಳು ಹಿಡಿಯಿತು. ಒಳಗೆ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಲು ಎಳೆ ವಯಸ್ಸಿನಲ್ಲೇ ಸುಮಾರು 28 ದಿನ ಬೇಕು, ನನ್ನ ವಯಸ್ಸಿಗೆ ಇನ್ನೂ ಜಾಸ್ತಿ. ಆ ಒಂದೂವರೆ ತಿಂಗಳು ಡಾಕ್ಟರು ಹೇಳಿದಂತೆ ಮೂರೇ ವಸ್ತು ಬಳಸಿದೆ: ಒಂದು ಸಾದಾ ಕ್ಲೆನ್ಸರ್, ಒಂದು ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್. ಮೊದಲ ವಾರವೆಲ್ಲ ಮುಖ ತೊಳೆದೇ ಇಲ್ಲ ಅನ್ನುವ ಭಾವನೆ. ಬೆರಳು ತಾನಾಗಿಯೇ ಕೆನ್ನೆಗೆ ಹೋಗುತ್ತಿತ್ತು. ಸದ್ದು ಬರುತ್ತಿರಲಿಲ್ಲ. ಕಸಿವಿಸಿ. ಈಗ ಒಗ್ಗಿಹೋಗಿದೆ.

ಆ ಸ್ಕ್ರಬ್ ಏನಾಯಿತು ಅಂತ ಕೇಳಬಹುದು. ಅರ್ಧ ಟ್ಯೂಬ್ ಉಳಿದಿತ್ತು, ಎಸೆಯಲು ಮನಸ್ಸು ಬರಲಿಲ್ಲ. ಹಿಮ್ಮಡಿಗೆ ಹಚ್ಚಿ ಮುಗಿಸಿದೆ. ಅಲ್ಲಿಗೆ ಅದು ಚೆನ್ನಾಗಿಯೇ ಇತ್ತು.

ನಮಸ್ಕಾರ.